ಬೋರ್ಡಿನ ಬೆನ್ನಿಗೆ ನಿಂತ ಫೋಲ್ಡರು

ಮೈಕ್ರೋಕಂಟ್ರೋಲರ್ ಕಲಿಯುವವರು ಮೊದಲು ಓಡಿಸಿ ನೋಡುವ ಪ್ರೋಗ್ರಾಂ ‘ಬ್ಲಿಂಕ್’. ಬೋರ್ಡಿನ ಮೇಲಿರುವ ಪುಟ್ಟ ಎಲ್‌ಇಡಿ ಒಂದು ಸೆಕೆಂಡು ಉರಿಯಬೇಕು, ಒಂದು ಸೆಕೆಂಡು ಆರಬೇಕು, ಅಷ್ಟೇ ಅದರ ಕೆಲಸ. ಆರ್ಡುಯಿನೊ ಊನೊದಲ್ಲಿ ಆ ಎಲ್‌ಇಡಿ 13ನೇ ಪಿನ್ನಿಗೆ ಸೇರಿಕೊಂಡಿದೆ. ರಾಸ್ಪ್‌ಬೆರಿ ಪೈ ಪಿಕೊದಲ್ಲಿ 25ನೇ ಪಿನ್ನಿಗೆ. ಇಎಸ್‌ಪಿ8266 ಕೂರಿಸಿದ ಅನೇಕ ಬೋರ್ಡುಗಳಲ್ಲಿ 2ನೇ ಪಿನ್ನಿಗೆ, ಅದೂ ತಿರುಗುಮುರುಗಾಗಿ: ಪಿನ್ನಿಗೆ ಸೊನ್ನೆ ಬರೆದರೆ ಬೆಳಕು, ಒಂದು ಬರೆದರೆ ಕತ್ತಲು. 2022ರಲ್ಲಿ ಬಂದ ಪಿಕೊ ಡಬ್ಲ್ಯುನಲ್ಲಂತೂ ಆ ಎಲ್‌ಇಡಿಗೂ ಮುಖ್ಯ ಚಿಪ್ಪಿಗೂ ನೇರ ಸಂಪರ್ಕವೇ ಇಲ್ಲ. ಅದು ಪಕ್ಕದಲ್ಲಿರುವ ವೈ-ಫೈ ಚಿಪ್ಪಿನ ಹಿಡಿತದಲ್ಲಿದೆ. ಇಷ್ಟಾದರೂ ಒಂದಕ್ಷರ ಬದಲಿಸದೆ ಅದೇ ಬ್ಲಿಂಕ್ ಈ ನಾಲ್ಕೂ ಬೋರ್ಡುಗಳ ಮೇಲೆ ಓಡುತ್ತದೆ.

ಓಡುವುದಕ್ಕೆ ಕಾರಣ, ಪ್ರೋಗ್ರಾಮಿನಲ್ಲಿ ಪಿನ್ನಿನ ಸಂಖ್ಯೆಯ ಬದಲು ‘ಎಲ್‌ಇಡಿ_ಬಿಲ್ಟಿನ್’ ಎಂಬ ಹೆಸರಿದೆ. ಆ ಹೆಸರಿಗೆ ಯಾವ ಬೋರ್ಡಿನಲ್ಲಿ ಏನರ್ಥ ಎಂದು ಯಾರೋ ಮೊದಲೇ ಬರೆದಿಟ್ಟಿದ್ದಾರೆ. ಪಿಕೊ ಡಬ್ಲ್ಯುಗೆ ಬರೆದವರು ಚಿಪ್ಪಿನಲ್ಲಿ ಇಲ್ಲದೇ ಇರುವ ಪಿನ್ನೊಂದಕ್ಕೆ ಸಂಖ್ಯೆ ಕೊಟ್ಟು, ಆ ಸಂಖ್ಯೆ ಬಂದಾಗಲೆಲ್ಲ ವೈ-ಫೈ ಚಿಪ್ಪಿಗೆ ಸಂದೇಶ ಹೋಗುವಂತೆ ಮಾಡಿದ್ದಾರೆ. ಇಂಥ ಸಾವಿರಾರು ಸಣ್ಣ ನಿರ್ಧಾರಗಳ ಗಂಟಿಗೆ ಬೋರ್ಡ್ ಸಪೋರ್ಟ್ ಪ್ಯಾಕೇಜ್ ಎಂದು ಹೆಸರು. ಆ ಕೆಲಸದಲ್ಲಿರುವವರ ಬಾಯಲ್ಲಿ ಬಿಎಸ್‌ಪಿ. ಅಂಗಡಿಯಲ್ಲಿ ಬೋರ್ಡು ಕೊಳ್ಳುವಾಗ ನಾವು ದುಡ್ಡು ಕೊಡುವುದು ಚಿಪ್ಪಿಗೆ, ತಾಮ್ರಕ್ಕೆ, ಬೆಸುಗೆಗೆ. ಆ ಬೋರ್ಡು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಮಾತ್ರ ಕಣ್ಣಿಗೆ ಬೀಳದ ಈ ಗಂಟು.

ಇದರ ಮೂಲ ಹುಡುಕುತ್ತ ಹೋದರೆ ಕ್ಯಾಲಿಫೋರ್ನಿಯಾದ ಗ್ಯಾರಿ ಕಿಲ್ಡಾಲ್ ಬಳಿ ಹೋಗಿ ನಿಲ್ಲುತ್ತೇವೆ. 1974ರಲ್ಲಿ ಆತ ಸಣ್ಣ ಕಂಪ್ಯೂಟರುಗಳಿಗಾಗಿ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂ ಬರೆದ. ಆಗಿನ ಕಂಪ್ಯೂಟರುಗಳಲ್ಲಿ ಒಂದರ ಫ್ಲಾಪಿ ಕಂಟ್ರೋಲರು ಇನ್ನೊಂದರಂತಿರಲಿಲ್ಲ. ಹೊಸ ಕಂಟ್ರೋಲರು ಬಂದಾಗಲೆಲ್ಲ ಸಿಪಿ/ಎಂ ಒಳಗೆ ಕೈಹಾಕಿ ತಿದ್ದಬೇಕಿತ್ತು. 1976ರ ಸುಮಾರಿಗೆ ಇಮ್ಸಾಯ್ ಕಂಪನಿಯ ಯಂತ್ರಕ್ಕೆ ಅದನ್ನು ಹೊಂದಿಸುವ ಕೆಲಸ ಬಂದಾಗ ಕಿಲ್ಡಾಲ್ ತನ್ನ ಪ್ರೋಗ್ರಾಮನ್ನೇ ಎರಡಾಗಿ ಸೀಳಿದ. ಯಂತ್ರ ಯಾವುದಾದರೂ ಬದಲಾಗದ ಭಾಗ ಒಂದೆಡೆ. ಕೀಲಿಮಣೆಯಿಂದ ಅಕ್ಷರ ತರುವುದು, ಪರದೆಗೆ ಅಕ್ಷರ ಕಳಿಸುವುದು, ಡಿಸ್ಕಿನ ಟ್ರ್ಯಾಕು ಮತ್ತು ಸೆಕ್ಟರು ಆರಿಸಿ ಓದುವುದು, ಬರೆಯುವುದು ಇವೆಲ್ಲ ಇನ್ನೊಂದೆಡೆ. ಎರಡನೆಯದನ್ನು ಬಯಾಸ್ ಎಂದು ಕರೆದ. ಸಿಪಿ/ಎಂ 2.2 ಆವೃತ್ತಿಯ ಹೊತ್ತಿಗೆ ಆ ಬಯಾಸ್‌ಗೆ 17 ಬಾಗಿಲುಗಳಿದ್ದವು. ಹೊಸ ಕಂಪ್ಯೂಟರು ತಯಾರಿಸಿದವರು ಆ 17 ಕೆಲಸಗಳನ್ನು ತಮ್ಮ ಯಂತ್ರಕ್ಕೆ ತಕ್ಕಂತೆ ಬರೆದುಕೊಟ್ಟರೆ ಸಾಕು, ಉಳಿದದ್ದೆಲ್ಲ ತಾನಾಗಿ ನಡೆಯುತ್ತಿತ್ತು.

ಆ ಸೀಳು ಬಿದ್ದ ಜಾಗ ಇವತ್ತಿಗೂ ಹೆಚ್ಚುಕಡಿಮೆ ಅಲ್ಲೇ ಇದೆ. ಯಂತ್ರದ ಗುಟ್ಟು ಬಲ್ಲವರು ಒಂದು ಕಡೆ, ಯಂತ್ರದ ಗೊಡವೆಯಿಲ್ಲದೆ ಪ್ರೋಗ್ರಾಂ ಬರೆಯುವವರು ಮತ್ತೊಂದು ಕಡೆ, ನಡುವೆ ಇಬ್ಬರೂ ಒಪ್ಪಿದ ಒಂದಿಷ್ಟು ಹೆಸರುಗಳು. ಈ ಐವತ್ತು ವರ್ಷಗಳಲ್ಲಿ ಕಂಪ್ಯೂಟರ್ ಲೋಕ ಕಂಡ ದೊಡ್ಡ ಉಪಾಯಗಳ ಸಾಲಿನಲ್ಲಿ ನಾನು ಇದನ್ನು ಇಡುತ್ತೇನೆ.

ಬೋರ್ಡ್ ಸಪೋರ್ಟ್ ಪ್ಯಾಕೇಜ್ ಎಂಬ ಹೆಸರು ಹುಟ್ಟಿದ್ದು 1981ರ ಹೊತ್ತಿಗೆ. ಹಂಟರ್ ಅಂಡ್ ರೆಡಿ ಎಂಬ ಕಂಪನಿ ವಿಆರ್‌ಟಿಎಕ್ಸ್ ಎನ್ನುವ ರಿಯಲ್‌ಟೈಮ್ ಆಪರೇಟಿಂಗ್ ಸಿಸ್ಟಂ ಮಾರುತ್ತಿತ್ತು. ಅದರ ತಿರುಳಿಗೆ ತಾನು ಯಾವ ಬೋರ್ಡಿನ ಮೇಲಿದ್ದೇನೆಂಬ ಅರಿವಿರಲಿಲ್ಲ. ಟೈಮರು ಎಲ್ಲಿದೆ, ಸೀರಿಯಲ್ ಪೋರ್ಟಿನ ವಿಳಾಸ ಯಾವುದು, ಇಂಟರಪ್ಟ್ ಬಂದರೆ ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಹೇಳಿಕೊಡಲು ಪ್ರತ್ಯೇಕ ಕೋಡ್ ಬೇಕಿತ್ತು. ಅದಕ್ಕೆ ಅವರಿಟ್ಟ ಹೆಸರೇ ಉಳಿದುಕೊಂಡಿತು. ಆಮೇಲೆ ಜೆರ್ರಿ ಫಿಡ್ಲರ್ ಮತ್ತು ಡೇವಿಡ್ ವಿಲ್ನರ್ ಕಟ್ಟಿದ ವಿಂಡ್ ರಿವರ್ ಕಂಪನಿ 1987ರಲ್ಲಿ ವಿಎಕ್ಸ್‌ವರ್ಕ್ಸ್ ತಂದಿತು. ಮೊದಲಿಗೆ ಅದು ಇದೇ ವಿಆರ್‌ಟಿಎಕ್ಸ್‌ನ ಸುತ್ತ ಕಟ್ಟಿದ ಸಲಕರಣೆಗಳ ಸಮೂಹವಾಗಿತ್ತು; ಕ್ರಮೇಣ ಸ್ವಂತ ತಿರುಳು ಪಡೆಯಿತು. 1997ರ ಜುಲೈ 4ರಂದು ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆಯಲ್ಲಿ ಓಡುತ್ತಿದ್ದುದು ವಿಎಕ್ಸ್‌ವರ್ಕ್ಸ್. ವಿಕಿರಣ ತಾಳಿಕೊಳ್ಳುವ ಆರ್‌ಎಡಿ6000 ಕಂಪ್ಯೂಟರಿಗೆ ಅದನ್ನು ಹೊಂದಿಸಿ ಕಳಿಸಲಾಗಿತ್ತು.

ಆ ಕಾಲದಲ್ಲಿ ಬಿಎಸ್‌ಪಿ ಬರೆಯುವುದು ತಿಂಗಳುಗಟ್ಟಲೆಯ ಕೆಲಸ. ಹೊಸ ಬೋರ್ಡು ಮೇಜಿನ ಮೇಲೆ ಬಂದು ಕೂತಾಗ ಅದು ಸತ್ತಂತೆ ಇರುತ್ತದೆ. ಮೊದಲು ಅದರ ಗಡಿಯಾರ ನಡೆಸಬೇಕು. ಆಮೇಲೆ ಮೆಮೊರಿಗೆ ಸರಿಯಾದ ಸಮಯದ ಲೆಕ್ಕ ಕೊಟ್ಟು ಎಬ್ಬಿಸಬೇಕು. ಸ್ಟ್ಯಾಕ್ ಇಡಲು ಜಾಗ ಗೊತ್ತುಮಾಡಿ ಸಿ ಭಾಷೆಯ ಮೊದಲ ಸಾಲಿಗೆ ಬರಬೇಕು. ಕೊನೆಗೆ ಸೀರಿಯಲ್ ಪೋರ್ಟಿನಿಂದ ಒಂದೇ ಒಂದು ಅಕ್ಷರ ಹೊರಗೆ ಬಂದು ಪರದೆಯ ಮೇಲೆ ಕಾಣಿಸಬೇಕು. ಆ ಅಕ್ಷರಕ್ಕಾಗಿ ವಾರಗಟ್ಟಲೆ ಕಾದವರಿಗೆ ಅದು ಕಂಡಾಗ ಆಗುವ ಸಂತೋಷವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಈ ಇಡೀ ಕಸರತ್ತಿಗೆ ಬೋರ್ಡ್ ಬ್ರಿಂಗ್‌ಅಪ್ ಎನ್ನುತ್ತಾರೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಸಂಶೋಧನಾ ಕೇಂದ್ರ ತೆರೆದಂದಿನಿಂದ ಚಿಪ್ ಕಂಪನಿಗಳ ಊರಾಗಿ ಬೆಳೆದ ಬೆಂಗಳೂರಿನಲ್ಲಿ ‘ಬಿಎಸ್‌ಪಿ ಇಂಜಿನಿಯರ್’ ಎಂಬುದು ಇವತ್ತಿಗೂ ನಿಜವಾದ ಹುದ್ದೆ. ನಮ್ಮ ಮನೆಗಳ ಸೆಟ್‌ಟಾಪ್ ಬಾಕ್ಸು, ರೂಟರು, ಕಾರಿನ ಪರದೆ ಇವುಗಳ ಹಿಂದೆ ಇಂಥವರ ದುಡಿಮೆಯಿದೆ.

ಆದರೆ ಆ ಪ್ಯಾಕೇಜುಗಳು ಕಂಪನಿಗಳ ಬೀಗದೊಳಗೇ ಇದ್ದವು. ಹಣ ಕೊಟ್ಟು ಪರವಾನಗಿ ಪಡೆದವರಿಗಷ್ಟೆ ಪ್ರವೇಶ. ವಿದ್ಯಾರ್ಥಿಗೆ, ಹವ್ಯಾಸಿಗೆ, ಸಣ್ಣ ಊರಿನ ರಿಪೇರಿ ಅಂಗಡಿಯವನಿಗೆ ಅದು ಎಟುಕುವ ವಸ್ತುವಾಗಿರಲಿಲ್ಲ.

ಬೀಗ ತೆಗೆದವರು ಇಂಜಿನಿಯರುಗಳಿಗಿಂತ ಮೊದಲು ವಿನ್ಯಾಸ ಕಲಿಯುವವರು ಎಂಬುದು ಈ ಕಥೆಯ ಸೊಗಸು. ಉತ್ತರ ಇಟಲಿಯ ಇವ್ರಿಯಾ, ಒಲಿವೆಟ್ಟಿ ಟೈಪ್‌ರೈಟರಿನ ತವರು. ಅಲ್ಲಿನ ಇಂಟರ್ಯಾಕ್ಷನ್ ಡಿಸೈನ್ ಇನ್‌ಸ್ಟಿಟ್ಯೂಟಿನಲ್ಲಿ ಓದುತ್ತಿದ್ದ ಕೊಲಂಬಿಯಾದ ಹೆರ್ನಾಂಡೊ ಬರ್ರಾಗಾನ್ 2003ರಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ‘ವೈರಿಂಗ್’ ಎಂಬ ವ್ಯವಸ್ಥೆ ಕಟ್ಟಲು ತೊಡಗಿದ. ಮಸಿಮೊ ಬಾಂಝಿ ಮತ್ತು ಕೇಸಿ ರಿಯಾಸ್ ಅದರ ಮಾರ್ಗದರ್ಶಕರು. ರಿಜಿಸ್ಟರು, ಬಿಟ್ಟು, ಮಾಸ್ಕು ಎಂದು ಒದ್ದಾಡುವ ಬದಲು ‘ಪಿನ್‌ಮೋಡ್’, ‘ಡಿಜಿಟಲ್‌ರೈಟ್’, ‘ಡಿಲೇ’ ಎಂಬ ಸರಳ ಪದಗಳಲ್ಲಿ ಚಿಪ್ಪಿನೊಡನೆ ಮಾತಾಡುವ ಕ್ರಮ ಅಲ್ಲಿಂದ ಬಂತು. 2005ರಲ್ಲಿ ಬಾಂಝಿ, ಡೇವಿಡ್ ಕುವಾರ್ತಿಯೆಯೆಸ್, ಡೇವಿಡ್ ಮೆಲಿಸ್ ಮೊದಲಾದವರು ಅದನ್ನೇ ಅಗ್ಗದ ಎಟಿಮೆಗಾ8 ಚಿಪ್ಪಿಗೆ ಇಳಿಸಿ ಆರ್ಡುಯಿನೊ ಎಂದರು. ಊರಿನ ಒಂದು ಬಾರಿನ ಹೆಸರು ಅದು. ಆ ತಂಡದಲ್ಲಿ ಬರ್ರಾಗಾನ್ ಇರಲಿಲ್ಲ. ಜಗತ್ತಿನ ಲಕ್ಷಾಂತರ ಮಕ್ಕಳು ದಿನವೂ ಟೈಪು ಮಾಡುವ ‘ಡಿಜಿಟಲ್‌ರೈಟ್’ ಯಾರ ಕೊಡುಗೆ ಎಂದು ಕೇಳಿದರೆ ಆತನ ಹೆಸರನ್ನೇ ಮೊದಲು ಹೇಳಬೇಕು. ಹಾಗೆ ಹೇಳುವವರು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ.

ಆರಂಭದ ಆರ್ಡುಯಿನೊಗೆ ಪ್ಯಾಕೇಜಿನ ಯೋಚನೆಯೇ ಬೇಕಿರಲಿಲ್ಲ. ಬೋರ್ಡುಗಳ ಚಿಪ್ಪುಗಳೆಲ್ಲ ಒಂದೇ ಎವಿಆರ್ ಕುಟುಂಬದವು. 2009ರಲ್ಲಿ ದೊಡ್ಡ ಬೋರ್ಡು ಮೆಗಾ ಬಂದಾಗ ಪಿನ್ನುಗಳ ಪಟ್ಟಿ ಬೇರೆಯಾಯಿತು. ಮೂಲ ಕೋಡಿನೊಳಗೇ ‘ಇದು ಮೆಗಾ ಆದರೆ ಹೀಗೆ, ಅಲ್ಲವಾದರೆ ಹಾಗೆ’ ಎಂದು ಷರತ್ತು ಹಾಕಿ ನಿಭಾಯಿಸಿದರು. ಕೋಡ್ ಬರೆದು ಬೋರ್ಡಿಗೆ ತುಂಬಲು ಬಳಸುವ ಆರ್ಡುಯಿನೊ ತಂತ್ರಾಂಶ ಐಡಿಇಯ 1.0 ಆವೃತ್ತಿ 2011ರ ಕೊನೆಗೆ ಬಂದಾಗ ಪಿನ್ನುಗಳ ಪಟ್ಟಿ ‘ವೇರಿಯಂಟ್ಸ್’ ಎಂಬ ಬೇರೆ ಫೋಲ್ಡರಿಗೆ ಹೋಯಿತು. ನಿಜವಾದ ಇಕ್ಕಟ್ಟು ಬಂದದ್ದು 2012ರಲ್ಲಿ. ಆ ವರ್ಷದ ಡ್ಯೂ ಬೋರ್ಡಿನಲ್ಲಿದ್ದದ್ದು ಎವಿಆರ್ ಅಲ್ಲವೇ ಅಲ್ಲ, 84 ಮೆಗಾಹರ್ಟ್ಸ್ ವೇಗದ ಆರ್ಮ್ ಕಾರ್ಟೆಕ್ಸ್-ಎಂ3. ಕಂಪೈಲರು ಬೇರೆ, ಚಿಪ್ಪಿಗೆ ಕೋಡ್ ತುಂಬುವ ಸಾಧನ ಬೇರೆ, 5 ವೋಲ್ಟ್ ಬದಲು 3.3 ವೋಲ್ಟ್. ಒಂದೇ ಐಡಿಇ ಎರಡೂ ಬಗೆಯ ಬೋರ್ಡುಗಳನ್ನು ಸಲಹಬೇಕಾದರೆ ಬೋರ್ಡಿನ ವಿಷಯವನ್ನೆಲ್ಲ ಐಡಿಇಯಿಂದ ಹೊರಗೆ ತೆಗೆದು ಕೆಲವು ಟೆಕ್ಸ್ಟ್ ಫೈಲುಗಳಲ್ಲಿ ಇಡಬೇಕಿತ್ತು. 1.5 ಆವೃತ್ತಿಯಲ್ಲಿ ಅದೇ ಆಯಿತು. ಕಿಲ್ಡಾಲ್ ಸೀಳಿದಂತೆಯೇ ಇದೂ.

ಆ ಫೈಲುಗಳನ್ನು ತೆರೆದು ನೋಡಿದವರು ಕಡಿಮೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ. ‘ಬೋರ್ಡ್ಸ್’ ಎಂಬ ಫೈಲಿನಲ್ಲಿ ಊನೊ ಬಗ್ಗೆ ಒಂದಿಷ್ಟು ಸಾಲುಗಳಿವೆ. ಚಿಪ್ಪು ಎಟಿಮೆಗಾ328ಪಿ. ಗಡಿಯಾರ 1,60,00,000 ಹರ್ಟ್ಸ್. ಕೋಡ್ ತುಂಬುವ ವೇಗ 1,15,200. ಪ್ರೋಗ್ರಾಮಿಗೆ ಸಿಗುವ ಗರಿಷ್ಠ ಜಾಗ 32,256 ಬೈಟು. ಚಿಪ್ಪಿನ ಫ್ಲಾಶ್ ಮೆಮೊರಿ 32,768 ಬೈಟಲ್ಲವೇ ಎಂದರೆ ಹೌದು. ಉಳಿದ 512 ಬೈಟಿನಲ್ಲಿ, ಹೊಸ ಕೋಡನ್ನು ಬರಮಾಡಿಕೊಳ್ಳುವ ಬೂಟ್‌ಲೋಡರ್ ಕೂತಿದೆ. ಐಡಿಇ ಕೆಳಗಡೆ ‘ಇಷ್ಟು ಶೇಕಡಾ ಜಾಗ ಬಳಕೆಯಾಗಿದೆ’ ಎಂದು ತೋರಿಸುವ ಲೆಕ್ಕ ಈ ಸಾಲಿನಿಂದಲೇ ಬರುತ್ತದೆ. ‘ಪ್ಲಾಟ್‌ಫಾರ್ಮ್’ ಎಂಬ ಇನ್ನೊಂದು ಫೈಲು ಕಂಪೈಲರನ್ನು ಯಾವ ಆಜ್ಞೆಯಿಂದ ಕರೆಯಬೇಕೆಂದು ಹೇಳುತ್ತದೆ. ‘ಕೋರ್ಸ್’ ಫೋಲ್ಡರಿನಲ್ಲಿ ‘ಡಿಜಿಟಲ್‌ರೈಟ್’ ಮುಂತಾದವುಗಳ ಒಳಗಿನ ಕೋಡು. ನಾವು ‘ಸೆಟಪ್’, ‘ಲೂಪ್’ ಎಂದು ಎರಡೇ ಭಾಗ ಬರೆದು ಸುಮ್ಮನಾಗುತ್ತೇವಲ್ಲ, ಸಿ ಭಾಷೆಗೆ ಬೇಕೇ ಬೇಕಾದ ‘ಮೇನ್’ ಕೂಡ ಅಲ್ಲೇ ಇದೆ: ಮೊದಲು ಚಿಪ್ಪನ್ನು ಸಜ್ಜುಗೊಳಿಸು, ಸೆಟಪ್ ಒಮ್ಮೆ ಕರೆ, ಲೂಪನ್ನು ಕೊನೆಯಿಲ್ಲದೆ ಕರೆಯುತ್ತಿರು. ಹತ್ತಾರು ಸಾಲಿನ ಫೈಲದು. ಅದನ್ನು ಓದಿದ ದಿನ ಆರ್ಡುಯಿನೊ ಸುತ್ತಲಿನ ಮಾಯೆ ಅರ್ಧ ಕರಗುತ್ತದೆ, ಗೌರವ ದುಪ್ಪಟ್ಟಾಗುತ್ತದೆ.

2015 ಈ ಕಥೆಯ ತಿರುವು. ಮಾರ್ಚಿನಲ್ಲಿ ಬಂದ ಐಡಿಇ 1.6.2ರಲ್ಲಿ ‘ಬೋರ್ಡ್ಸ್ ಮ್ಯಾನೇಜರ್’ ಸೇರಿತು. ಪಟ್ಟಿಯಿಂದ ಬೋರ್ಡು ಆರಿಸಿದರೆ ಸಾಕು, ಅದರ ಪ್ಯಾಕೇಜು, ಕಂಪೈಲರು, ಕೋಡ್ ತುಂಬುವ ಸಾಧನ ಎಲ್ಲವೂ ಇಳಿದು ತಮ್ಮತಮ್ಮ ಜಾಗದಲ್ಲಿ ಕೂರುತ್ತವೆ. ಎರಡೇ ತಿಂಗಳಲ್ಲಿ, 1.6.4ರಲ್ಲಿ, ಇನ್ನೂ ಮುಖ್ಯವಾದ ಸೌಲಭ್ಯ ಬಂತು: ಸೆಟ್ಟಿಂಗ್ಸ್‌ನಲ್ಲಿ ಒಂದು ಖಾಲಿ ಪೆಟ್ಟಿಗೆ. ಯಾರು ಬೇಕಾದರೂ ತಮ್ಮ ಬೋರ್ಡಿನ ಪ್ಯಾಕೇಜು ಕಟ್ಟಿ, ಅದರ ವಿವರಪಟ್ಟಿಯನ್ನು ಅಂತರ್ಜಾಲದಲ್ಲಿಟ್ಟು, ವಿಳಾಸ ಕೊಡಬಹುದು. ಬಳಸುವವರು ಆ ವಿಳಾಸವನ್ನು ಪೆಟ್ಟಿಗೆಗೆ ಅಂಟಿಸಿದರಾಯಿತು. ಆರ್ಡುಯಿನೊ ಕಂಪನಿಯ ಅಪ್ಪಣೆ ಬೇಕಿಲ್ಲ. ವಿವರಪಟ್ಟಿಯಲ್ಲಿ ಪ್ರತಿ ಫೈಲಿನ ಗಾತ್ರವೂ ಅದು ಕೆಟ್ಟಿಲ್ಲವೆಂದು ತಾಳೆನೋಡುವ ಚೆಕ್‌ಸಮ್ಮೂ ಇರುತ್ತವೆ. ಹಾಗಿದ್ದರೂ ಹೀಗೆ ಇಳಿಯುವ ಸಾಧನಗಳು ಓಡುವುದು ನಮ್ಮ ಕಂಪ್ಯೂಟರಿನ ಮೇಲೆ; ಗೊತ್ತಿಲ್ಲದವರು ಕೊಟ್ಟ ವಿಳಾಸ ಅಂಟಿಸುವ ಮುನ್ನ ಎರಡು ಸಲ ಯೋಚಿಸಬೇಕು.

ಆ ಖಾಲಿ ಪೆಟ್ಟಿಗೆ ಏನು ಮಾಡಿತು ಎಂಬುದಕ್ಕೆ ಇಎಸ್‌ಪಿ8266 ಸಾಕ್ಷಿ. ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ಈ ಚಿಪ್ಪು 2014ರಲ್ಲಿ ಇಎಸ್‌ಪಿ-01 ಎಂಬ ಪುಟಾಣಿ ಮಾಡ್ಯೂಲಿನಲ್ಲಿ ಪಶ್ಚಿಮದ ಹವ್ಯಾಸಿಗಳ ಕಣ್ಣಿಗೆ ಬಿತ್ತು. ಕೆಲವೇ ಡಾಲರಿಗೆ ವೈ-ಫೈ! ಅದಕ್ಕೂ ಮುಂಚೆ ಆರ್ಡುಯಿನೊಗೆ ವೈ-ಫೈ ಜೋಡಿಸಲು ಬೋರ್ಡಿಗಿಂತ ಹೆಚ್ಚು ಖರ್ಚಾಗುತ್ತಿತ್ತು. ಆದರೆ ದಾಖಲೆಗಳಿದ್ದದ್ದು ಚೀನೀ ಭಾಷೆಯಲ್ಲಿ, ಒಳಗಿನ ಪ್ರೊಸೆಸರು ಹೆಚ್ಚಿನವರು ಕೇಳಿಯೂ ಇರದ ಎಕ್ಸ್‌ಟೆನ್ಸಾ. ಮೊದಮೊದಲು ಅದನ್ನು ಆರ್ಡುಯಿನೊದ ಕೈಕೆಳಗಿನ ಮೋಡೆಮ್ಮಿನಂತೆ ಬಳಸಿದರು. 2015ರಲ್ಲಿ ಇವಾನ್ ಗ್ರೊಖೊಟ್ಕೊವ್ ಎಂಬ ಪ್ರೋಗ್ರಾಮರ್ ಆರ್ಡುಯಿನೊದ ಪದಗಳನ್ನೆಲ್ಲ ಈ ಚಿಪ್ಪಿಗೆ ಅರ್ಥವಾಗುವಂತೆ ಬರೆದ. ಮೊದಲಿಗೆ ಇಡೀ ಐಡಿಇಯನ್ನೇ ನಕಲು ಮಾಡಿ ತಿದ್ದಿ ಹಂಚಬೇಕಾಗಿತ್ತು. 1.6.4 ಬಂದದ್ದೇ ತಡ, ಅದು ಒಂದು ವಿಳಾಸವಾಗಿ ಬದಲಾಯಿತು. ಕಂಪನಿ ಮಾಡಿಕೊಡದ ಕೆಲಸವನ್ನು ಹೊರಗಿನವರು ಮಾಡಿದರು, ಚಿಪ್ಪಿನ ಹಣೆಬರಹ ಬದಲಾಯಿತು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಈ ಚಿಪ್ಪು ಕೂರಿಸಿದ ನೋಡ್‌ಎಂಸಿಯು ಬೋರ್ಡು ಕೇಳಿದರೆ ಮರುಮಾತಿಲ್ಲದೆ ಕೈಗೆ ಬರುವುದು, ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತೋಟದ ತೇವ ಅಳೆದು ಮೊಬೈಲಿಗೆ ಸುದ್ದಿ ಕಳಿಸುವ ಪ್ರಾಜೆಕ್ಟು ಮಾಡುವುದು, ಇದೆಲ್ಲದರ ಬೇರು ಆ ಪ್ಯಾಕೇಜಿನಲ್ಲಿದೆ.

ಪ್ಯಾಕೇಜು ಹೆಸರುಗಳನ್ನು ಒಂದಾಗಿಸುತ್ತದೆ ನಿಜ, ಚಿಪ್ಪುಗಳನ್ನು ಒಂದಾಗಿಸಲಾರದು. ಕಲಿಯುವವರು ಎಡವುವುದು ಇಲ್ಲೇ. ಊನೊ ಮೇಲೆ ‘ಡಿಲೇ’ ಎಂದರೆ ಸುಮ್ಮನೆ ಕಾಯುವುದು. ಇಎಸ್‌ಪಿ8266ರ ಮೇಲೆ ಅದೇ ಪದ ವೈ-ಫೈ ಕೆಲಸಕ್ಕೆ ಸರದಿ ಬಿಟ್ಟುಕೊಡುತ್ತದೆ; ಡಿಲೇ ಇಲ್ಲದೆ ಉದ್ದನೆಯ ಲೂಪೊಳಗೆ ಸಿಕ್ಕಿಕೊಂಡರೆ ಒಳಗಿನ ಕಾವಲು ಟೈಮರು ಇಡೀ ಚಿಪ್ಪನ್ನೇ ಮತ್ತೆ ಶುರುಮಾಡುತ್ತದೆ. ಊನೊದಲ್ಲಿ ‘ಇಂಟ್’ 16 ಬಿಟ್ಟಿನದು, 32,767 ದಾಟಿದರೆ ಲೆಕ್ಕ ಕೆಡುತ್ತದೆ. ಇಎಸ್‌ಪಿಯಲ್ಲಿ ಅದು 32 ಬಿಟ್ಟು. ಊನೊದ ಅನಲಾಗ್ ಪಿನ್ನು 0ಯಿಂದ 1023ರವರೆಗೆ ಹೇಳಿದರೆ, ಇಎಸ್‌ಪಿ8266ರ ನಂತರ ಬಂದ ಇಎಸ್‌ಪಿ32ರದ್ದು 4095ರವರೆಗೆ ಹೋಗುತ್ತದೆ. ಸೆನ್ಸರಿನ ಲೆಕ್ಕ ನಾಲ್ಕು ಪಟ್ಟು ತಪ್ಪಿದಾಗ ಸೆನ್ಸರನ್ನು ಬೈಯುವ ಮುನ್ನ ಇದನ್ನು ನೆನೆಯಬೇಕು.

ನಮ್ಮ ಕಾಲೇಜುಗಳ ಲ್ಯಾಬುಗಳಲ್ಲಿ ಪದೇ ಪದೇ ಕಾಡುವ ಇನ್ನೊಂದು ತೊಡಕು ಆರ್ಡುಯಿನೊ ನ್ಯಾನೊ ಬೋರ್ಡಿನದು. ಹೊಸದಾಗಿ ಕೊಂಡ ಅಗ್ಗದ ನ್ಯಾನೊ; ಕೇಬಲ್ ಸರಿ, ಪೋರ್ಟ್ ಸರಿ, ಆದರೂ ಕೋಡ್ ತುಂಬುವಾಗ ‘ನಾಟ್ ಇನ್ ಸಿಂಕ್’ ಎಂದು ದೂರು. ಬೋರ್ಡು ಕೆಟ್ಟಿದೆಯೆಂದು ಎಸೆದವರೂ ಇದ್ದಾರೆ. 2018ರಲ್ಲಿ ಮೂಲ ಕಂಪನಿ ನ್ಯಾನೊದ ಬೂಟ್‌ಲೋಡರನ್ನು ಹೊಸದಕ್ಕೆ ಬದಲಿಸಿತು, ಪ್ಯಾಕೇಜಿನಲ್ಲಿ ವೇಗ 1,15,200 ಆಯಿತು. ನಕಲು ಬೋರ್ಡು ಮಾಡುವ ಅನೇಕರು ಹಳೆಯ ಬೂಟ್‌ಲೋಡರನ್ನೇ ತುಂಬುತ್ತ ಹೋದರು; ಅದು ಮಾತಾಡುವುದು 57,600ರಲ್ಲಿ. ಇಬ್ಬರೂ ಬೇರೆ ಬೇರೆ ವೇಗದಲ್ಲಿ ಮಾತಾಡಿದರೆ ಯಾರಿಗೂ ಏನೂ ತಿಳಿಯದು. ಪರಿಹಾರ ಟೂಲ್ಸ್ ಮೆನುವಿನಲ್ಲೇ ಇದೆ: ಪ್ರೊಸೆಸರ್ ಆಯ್ಕೆಯಲ್ಲಿ ‘ಓಲ್ಡ್ ಬೂಟ್‌ಲೋಡರ್’ ಎಂಬುದನ್ನು ಆರಿಸುವುದು. ಒಂದು ಟೆಕ್ಸ್ಟ್ ಫೈಲಿನ ಒಂದು ಸಂಖ್ಯೆಯಿಂದ ಒಳ್ಳೆಯ ಬೋರ್ಡು ಕಸದ ಬುಟ್ಟಿ ಸೇರಬಾರದು.

ಆವೃತ್ತಿಯ ವಿಷಯವೂ ಇದರ ಪಕ್ಕದ್ದೇ. 2024ರಲ್ಲಿ ಇಎಸ್‌ಪಿ32ರ ಆರ್ಡುಯಿನೊ ಪ್ಯಾಕೇಜು 3.0ಕ್ಕೆ ಏರಿದಾಗ ಎಲ್‌ಇಡಿ ಮಂದ ಮಾಡಲು, ಸದ್ದು ಹೊರಡಿಸಲು ಬಳಸುತ್ತಿದ್ದ ‘ಎಲ್‌ಇಡಿಸಿ ಸೆಟಪ್’ ಮತ್ತು ಅದರ ಜೊತೆಯ ಪದಗಳನ್ನು ತೆಗೆದು ಬೇರೆ ಪದ ತಂದರು. ಆ ಹಳೆಯ ಪದಗಳಿರುವ ಪುಸ್ತಕ, ವಿಡಿಯೊಗಳ ಕೋಡು ಹೊಸ ಪ್ಯಾಕೇಜಿನಲ್ಲಿ ಕಂಪೈಲೇ ಆಗದು. ಬೋರ್ಡ್ಸ್ ಮ್ಯಾನೇಜರಿನಲ್ಲಿ ಹಳೆಯ ಆವೃತ್ತಿ ಆರಿಸಿಕೊಳ್ಳಬಹುದೆಂಬುದು ಅನೇಕರಿಗೆ ತಿಳಿದಿಲ್ಲ. ಪ್ರಾಜೆಕ್ಟ್ ವರದಿಯಲ್ಲಿ ಬೋರ್ಡಿನ ಹೆಸರಿನ ಜೊತೆ ಪ್ಯಾಕೇಜಿನ ಆವೃತ್ತಿಯನ್ನೂ ಬರೆಯಬೇಕೆಂದು ಅಧ್ಯಾಪಕರು ಕಡ್ಡಾಯ ಮಾಡಿದರೆ ಮುಂದಿನ ವರ್ಷದ ಮಕ್ಕಳಿಗೆ ದೊಡ್ಡ ಉಪಕಾರ.

ಪ್ಯಾಕೇಜಿಗೂ ವಯಸ್ಸಾಗುತ್ತದೆ. 2019ರ ನ್ಯಾನೊ 33 ಬಿಎಲ್‌ಇ ಮೊದಲಾದ ಬೋರ್ಡುಗಳ ಪ್ಯಾಕೇಜನ್ನು ಆರ್ಡುಯಿನೊ ಕಟ್ಟಿದ್ದು ಆರ್ಮ್ ಕಂಪನಿಯ ಎಂಬೆಡ್ ಎಂಬ ವ್ಯವಸ್ಥೆಯ ಮೇಲೆ. 2026ರ ಜುಲೈಗೆ ಎಂಬೆಡ್ ಕೊನೆಯಾಗಲಿದೆ ಎಂದು ಆರ್ಮ್ 2024ರಲ್ಲಿ ಘೋಷಿಸಿತು. ಆರ್ಡುಯಿನೊ ತನ್ನ ಆ ಬೋರ್ಡುಗಳ ಅಡಿಪಾಯವನ್ನು ಝೆಫಿರ್‌ಗೆ ಸಾಗಿಸಲು ಹೊರಟಿತು. ಲಿನಕ್ಸ್ ಫೌಂಡೇಷನ್ ಆಶ್ರಯದಲ್ಲಿ 2016ರಲ್ಲಿ ಶುರುವಾದ ಝೆಫಿರ್‌ನಲ್ಲಿ ಬೋರ್ಡಿನ ವಿವರವನ್ನು ಸಿ ಕೋಡಿನಲ್ಲಿ ಹೂತಿಡುವ ಬದಲು ‘ಡಿವೈಸ್‌ಟ್ರೀ’ ಎಂಬ ಪ್ರತ್ಯೇಕ ಪಟ್ಟಿಯಲ್ಲಿ ಬರೆಯುತ್ತಾರೆ. ಆರ್ಮ್ ಬೋರ್ಡುಗಳ ಫೈಲುಗಳು ರಾಶಿಬಿದ್ದು 2011ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಸಿಟ್ಟಿಗೆದ್ದ ಮೇಲೆ ಲಿನಕ್ಸ್ ಹಿಡಿದ ದಾರಿಯೂ ಅದೇ.

ನಮ್ಮ ದೇಶದ ಮಟ್ಟಿಗೆ ಇದು ಬರೀ ಹವ್ಯಾಸದ ಮಾತಲ್ಲ. ತಿರುವನಂತಪುರದ ಸಿ-ಡ್ಯಾಕ್ ವಿನ್ಯಾಸ ಮಾಡಿದ ವೇಗಾ ಪ್ರೊಸೆಸರುಗಳ ಸಾಲಿನಲ್ಲಿ ತೇಜಸ್32 ಎಂಬ ರಿಸ್ಕ್-ಫೈವ್ ಚಿಪ್ಪಿದೆ, 100 ಮೆಗಾಹರ್ಟ್ಸ್, 256 ಕಿಲೋಬೈಟು ಮೆಮೊರಿ. ಅದನ್ನು ಕೂರಿಸಿದ ಏರೀಸ್ ಬೋರ್ಡುಗಳನ್ನು ಹೊರತಂದಾಗ ಸಿ-ಡ್ಯಾಕ್ ಆರ್ಡುಯಿನೊ ಐಡಿಇಗೆ ಹೊಂದುವ ಪ್ಯಾಕೇಜನ್ನೂ ಕೊಟ್ಟಿತು. ಸರಿಯಾದ ನಿರ್ಧಾರ ಅದು. ಇಲ್ಲೇ ವಿನ್ಯಾಸಗೊಂಡ ಚಿಪ್ಪು ಎಂಬ ಅಭಿಮಾನದಿಂದ ಒಬ್ಬ ವಿದ್ಯಾರ್ಥಿ ಬೋರ್ಡು ಕೊಳ್ಳಬಹುದು. ಎರಡನೆಯದನ್ನು ಕೊಳ್ಳುವುದು ಬ್ಲಿಂಕ್ ಮೊದಲ ಸಂಜೆಯೇ ಓಡಿದರೆ ಮಾತ್ರ. ದೇಶಿ ಚಿಪ್ಪಿಗೆ ಇಡುವ ಹಣದಲ್ಲಿ ಪ್ಯಾಕೇಜು, ದಾಖಲೆ, ಉದಾಹರಣೆಗಳಿಗೆ ವರ್ಷ ವರ್ಷವೂ ಪಾಲು ಮೀಸಲಿರಬೇಕು.

ಈ ಪ್ಯಾಕೇಜುಗಳಲ್ಲಿ ಎಷ್ಟೋ ಇವತ್ತಿಗೂ ಬೆರಳೆಣಿಕೆಯ ಜನರ ಬಿಡುವಿನ ದುಡಿಮೆ. ಪಿಕೊಗೆ ಬಹಳ ಜನ ಬಳಸುವ ಆರ್ಡುಯಿನೊ ಪ್ಯಾಕೇಜು ಕೂಡ ಹಾಗೆ ಹೊರಗಿನಿಂದ ಬಂದದ್ದೇ. ಹಾಗಾಗಿ ಹೊಸ ಬೋರ್ಡು ಕೊಳ್ಳುವ ಮುನ್ನ ಅದರ ಬೆಲೆ, ವೇಗಗಳ ಜೊತೆಗೆ ಪ್ಯಾಕೇಜನ್ನು ಯಾರು ನೋಡಿಕೊಳ್ಳುತ್ತಿದ್ದಾರೆ, ಕೊನೆಯ ಆವೃತ್ತಿ ಬಂದು ಎಷ್ಟು ಕಾಲವಾಯಿತು ಎಂದು ವಿಚಾರಿಸಿ. ಕೊಂಡ ಮೇಲೆ ನಿಮ್ಮ ಕಂಪ್ಯೂಟರಿನಲ್ಲಿ ‘ಆರ್ಡುಯಿನೊ15’ ಎಂಬ ಫೋಲ್ಡರು ಹುಡುಕಿ ಒಳಗಿನ ‘ಪ್ಯಾಕೇಜಸ್’ ತೆರೆಯಿರಿ. ‘ಬೋರ್ಡ್ಸ್’ ಫೈಲಿನಿಂದ ಓದಲು ಶುರುಮಾಡಿ. ತಪ್ಪು ಕಂಡರೆ ಬರೆದವರಿಗೆ ತಿಳಿಸಿ, ತಿದ್ದಲು ಬಂದರೆ ತಿದ್ದಿ ಕಳಿಸಿ.